ತಿರುಗುವ ಪರದೆಯ ಸಣ್ಣಪುಟ್ಟ ಸುಳ್ಳುಗಳು

ಅಂಗಡಿಯವನು ಮಾಡಿದ್ದು ಒಂದೇ ಕೆಲಸ. ಅಂಗೈಯಗಲದ ಕ್ಯಾಮೆರಾದ ಬೆನ್ನಿನಿಂದ ಪರದೆಯನ್ನು ಹೊರಗೆಳೆದು, ಮುಂದಕ್ಕೆ ತಿರುಗಿಸಿ, ಅಕ್ಕನ ಮಗಳ ಕೈಗಿಟ್ಟ. ಅದರಲ್ಲಿ ತನ್ನದೇ ಮುಖ ಕಂಡದ್ದೇ ತಡ, "ಮಾವ, ಇದೇ ಸಾಕು" ಅಂದಳು. ಒಂದು ವಾರ ತಡಿ ಮಾರಾಯ್ತಿ ಎಂದು ಅವಳನ್ನು ಎಳೆದುಕೊಂಡು ಬಂದೆ. ಅವಳ ಪಟ್ಟಿಯಲ್ಲಿದ್ದವು ಎರಡೇ: 2019ರ ಕ್ಯಾನನ್ ಪವರ್‌ಶಾಟ್ ಜಿ7 ಎಕ್ಸ್ ಮಾರ್ಕ್ 3 ಮತ್ತು 2020ರ ಸೋನಿ ಜಡ್‌ವಿ-1. ಎರಡೂ ಸುಮಾರು 300 ಗ್ರಾಂ ತೂಕ, ಎರಡಕ್ಕೂ ಮೂರಿಂಚಿನ ಟಚ್‌ಸ್ಕ್ರೀನ್. ಆ ವಾರದಲ್ಲಿ ಅಂಗಡಿಯವನು, ಅವಳ ಗೆಳತಿಯರು, ಪಕ್ಕದ ಮನೆಯ ಮದುವೆ ಫೋಟೊಗ್ರಾಫರ್ ಹೇಳಿದ ಮಾತುಗಳಲ್ಲಿ ಅರ್ಧ ತಪ್ಪು, ಉಳಿದರ್ಧ ಅರೆಸತ್ಯ.

"ಇದರಲ್ಲಿ ಒಂದಿಂಚಿನ ಸೆನ್ಸರ್ ಇದೆ" ಎನ್ನುವುದು ಮೊದಲನೆಯದು. ಡಬ್ಬಿಯ ಮೇಲೂ ಹಾಗೇ ಅಚ್ಚಾಗಿರುತ್ತದೆ. ಆದರೆ ಆ ಸೆನ್ಸರಿನ ಅಗಲ 13.2 ಮಿಲಿಮೀಟರ್, ಎತ್ತರ 8.8. ಮೂಲೆಯಿಂದ ಮೂಲೆಗೆ ಅಳೆದರೂ 16ರ ಹತ್ತಿರ. ಒಂದಿಂಚು ಅಂದರೆ 25.4. ಹಾಗಾದರೆ ಇಂಚು ಎಲ್ಲಿ ಹೋಯಿತು? ಅದು ಹಳೆಯ ಟೀವಿ ಕ್ಯಾಮೆರಾಗಳ ವಿಡಿಕಾನ್ ಕೊಳವೆಯ ಲೆಕ್ಕ. ಗಾಜಿನ ಕೊಳವೆಯ ಹೊರಗಿನ ವ್ಯಾಸವನ್ನು ಹೇಳುತ್ತಿದ್ದರು. ಒಳಗೆ ಚಿತ್ರ ಮೂಡುವ ಜಾಗ ಅದರ ಮೂರನೇ ಎರಡು ಪಾಲು. ಕೊಳವೆ ಗುಜರಿ ಸೇರಿತು, ಅಳತೆ ಮಾತ್ರ ಉಳಿದುಕೊಂಡಿತು. ಪ್ಲಂಬರ್ ತರುವ ಅರ್ಧ ಇಂಚಿನ ಜಿಐ ಪೈಪಿಗೆ ಸ್ಕೇಲು ಹಿಡಿದು ನೋಡಿ, ಒಳಗೂ ಹೊರಗೂ ಅರ್ಧ ಇಂಚು ಸಿಗುವುದಿಲ್ಲ. ಇದೂ ಅದೇ ಜಾತಿ.

ಹಾಗೆಂದು ಸೆನ್ಸರ್ ಚಿಕ್ಕದು ಎಂದು ಮೂಗು ಮುರಿಯಬೇಕಿಲ್ಲ. ಅಗ್ಗದ ಪುಟ್ಟ ಕ್ಯಾಮೆರಾಗಳಲ್ಲಿ ಇರುವ 1/2.3 ಇಂಚಿನದಕ್ಕೆ ಹೋಲಿಸಿದರೆ ಇದರ ವಿಸ್ತೀರ್ಣ ನಾಲ್ಕು ಪಟ್ಟು. ಆದರೆ "ದೊಡ್ಡ ಕ್ಯಾಮೆರಾಕ್ಕೆ ಸಮ" ಎಂದು ಅಂಗಡಿಯವನು ಹೇಳಿದರೆ ನಕ್ಕು ಸುಮ್ಮನಿರಿ. 36×24 ಮಿಲಿಮೀಟರಿನ ಫುಲ್‌ಫ್ರೇಮ್ ಸೆನ್ಸರ್ ಇದಕ್ಕಿಂತ ಏಳು ಪಟ್ಟಿಗೂ ಹೆಚ್ಚು ದೊಡ್ಡದು.

ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವುದು ರಾತ್ರಿ. ಗೆಳೆಯನ ಬಳಿಯಿದ್ದ ಕ್ಯಾನನನ್ನು ಎರವಲು ತಂದು ಊರಿನ ಬಯಲಾಟಕ್ಕೆ ಹೋದೆ. ಕುಳಿತದ್ದು ಹಿಂದಿನ ಸಾಲಿನಲ್ಲಿ, ಹಾಗಾಗಿ ಜೂಮ್ ಪೂರ್ತಿ ಎಳೆಯಬೇಕಾಯಿತು. ಇಲ್ಲಿ ಇನ್ನೊಂದು ನಂಬಿಕೆ ಕುಸಿಯಿತು. "ಎಫ್/1.8 ಲೆನ್ಸ್, ಕತ್ತಲೆಗೆ ಹೇಳಿ ಮಾಡಿಸಿದ್ದು" ಎನ್ನುತ್ತಾರಲ್ಲ, ಆ 1.8 ಇರುವುದು ಜೂಮ್ ಎಳೆಯದಿದ್ದಾಗ ಮಾತ್ರ. 100 ಮಿಲಿಮೀಟರ್ ತುದಿಗೆ ಹೋದರೆ ಅದು 2.8 ಆಗುತ್ತದೆ, ಅಂದರೆ ಒಳಬರುವ ಬೆಳಕು ಅರ್ಧಕ್ಕಿಂತ ಕಡಿಮೆ. ಕ್ಯಾಮೆರಾ ಬೇರೆ ದಾರಿಯಿಲ್ಲದೆ ಐಎಸ್‌ಒ ಏರಿಸುತ್ತದೆ, ಕಪ್ಪು ಭಾಗದಲ್ಲೆಲ್ಲ ರವೆ ಚೆಲ್ಲಿದಂತೆ ಕಾಳುಕಾಳು.

ಆದರೂ ಅಲ್ಲಿ ಕೂತು ತೆಗೆದ ಒಂದೊಂದು ಚಿತ್ರವೂ ಪರದೆಯಲ್ಲಿ ಅದ್ಭುತವಾಗಿ ಕಂಡಿತು. ಇದೇ ನೋಡಿ ಎಲ್ಲಕ್ಕಿಂತ ದೊಡ್ಡ ಮೋಸ: "ಪರದೆಯಲ್ಲಿ ಚೆನ್ನಾಗಿ ಕಂಡರೆ ಚಿತ್ರ ಚೆನ್ನಾಗಿ ಬಂದಂತೆ." ಕ್ಯಾನನಿನ ಪರದೆಗೆ 10.4 ಲಕ್ಷ ಚುಕ್ಕಿಗಳು ಎಂದು ಬರೆದಿರುತ್ತಾರೆ. ಚುಕ್ಕಿ ಬೇರೆ, ಪಿಕ್ಸೆಲ್ ಬೇರೆ. ಕೆಂಪು, ಹಸಿರು, ನೀಲಿ ಮೂರು ಚುಕ್ಕಿ ಸೇರಿ ಒಂದು ಪಿಕ್ಸೆಲ್. ಅಲ್ಲಿಗೆ ಪರದೆಯಲ್ಲಿರುವುದು ಮೂರೂವರೆ ಲಕ್ಷ ಪಿಕ್ಸೆಲ್. ತೆಗೆದ ಚಿತ್ರದಲ್ಲಿರುವುದು ಎರಡು ಕೋಟಿ. ಐವತ್ತಕ್ಕೂ ಹೆಚ್ಚು ಪಿಕ್ಸೆಲ್‌ಗಳನ್ನು ಒಂದರೊಳಗೆ ತುರುಕಿ ತೋರಿಸುವಾಗ ಅಲುಗಾಟ, ಫೋಕಸ್ ತಪ್ಪಿದ್ದು, ಕಾಳು ಎಲ್ಲವೂ ಮಾಯ. ಬೆಳಗ್ಗೆ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಧಿಗಿಣ ಹಾಕಿದ ವೇಷವೆಲ್ಲ ಮಸುಕು. ಅಲುಗಾಡದೆ ಕುಳಿತ ಭಾಗವತರೊಬ್ಬರೇ ಸ್ಪಷ್ಟ.

ಬೆಳಕಿನ ವಿಷಯದಲ್ಲೂ ಅದೇ ಕಥೆ. ಕತ್ತಲೆಯಲ್ಲಿ ಪರದೆ ದೀಪದಂತೆ ಹೊಳೆಯುವುದರಿಂದ ಚಿತ್ರ ಹೆಚ್ಚು ಬೆಳ್ಳಗಾಯಿತು ಎನಿಸಿ ನಾವು ಬೆಳಕು ಇಳಿಸುತ್ತೇವೆ. ನಡುಮಧ್ಯಾಹ್ನದ ಬಿಸಿಲಲ್ಲಿ ಪರದೆಯೇ ಮಂಕಾಗಿ ಕಂಡು ಏರಿಸುತ್ತೇವೆ. ಎರಡೂ ಸಲ ತಪ್ಪು ನಮ್ಮದೇ. ಹಿಸ್ಟೋಗ್ರಾಮ್ ಎಂಬ ಗುಡ್ಡದಾಕಾರದ ಪುಟ್ಟ ನಕ್ಷೆ ಇರುವುದು ಇದಕ್ಕಾಗಿಯೇ, ಅದು ಸುತ್ತಲಿನ ಬಿಸಿಲಿಗೂ ಕತ್ತಲೆಗೂ ಬಗ್ಗುವುದಿಲ್ಲ. ಚಿತ್ರ ತೆಗೆದ ಮೇಲೆ ಮುಖದ ಭಾಗವನ್ನು ದೊಡ್ಡದು ಮಾಡಿ ನೋಡುವುದೂ ಒಳ್ಳೆಯ ಅಭ್ಯಾಸ.

"ಟಚ್‌ಸ್ಕ್ರೀನ್ ಅಂದಮೇಲೆ ಫೋನಿನ ಹಾಗೇ" ಎನ್ನುವುದನ್ನು ಅಂಗಡಿಯ ಮೇಜಿನ ಮೇಲೆ ಎರಡು ನಿಮಿಷದಲ್ಲಿ ಪರೀಕ್ಷಿಸಬಹುದು: ಮೆನು ತೆರೆದು ಬೆರಳಾಡಿಸಿ. ಕ್ಯಾನನಿನಲ್ಲಿ ಮೆನುವೂ ಬೆರಳಿಗೆ ಬಗ್ಗುತ್ತದೆ. ಜಡ್‌ವಿ-1ರಲ್ಲಿ ಫೋಕಸ್ ಎಲ್ಲಿರಲಿ ಎಂದು ಮುಟ್ಟಿ ತೋರಿಸಬಹುದು, ಮೆನುವಿಗೆ ಮಾತ್ರ ಬಟನ್ನೇ ಗತಿ. ಇನ್ನು ನಮ್ಮ ಹುಡುಗಿಗೆ ಬೇಕಿದ್ದದ್ದು ಅಡುಗೆ ವಿಡಿಯೊ. ಈ ಪರದೆಗಳು ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸಿ ಕೆಲಸ ಮಾಡುವಂಥವು. ನೀರಿಗೂ ಆ ಗುಣವಿದೆ. ನೀರ್‌ದೋಸೆ ಹಿಟ್ಟು ಮೆತ್ತಿದ ಒದ್ದೆ ಕೈಯಲ್ಲಿ ಮುಟ್ಟಿದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಒಂದೆರಡು ಗಟ್ಟಿ ಬಟನ್ ಇರುವುದು ಹಳೆಯ ಕಾಲದ್ದೇನಲ್ಲ.

"ಈ ತಿರುಗುವ ಪರದೆ ಸೆಲ್ಫಿ ಹುಚ್ಚಿಗೆ ಹುಟ್ಟಿದ್ದು" ಎಂದು ನನ್ನ ವಯಸ್ಸಿನವರು ಗೊಣಗುತ್ತಾರೆ. 1995ರ ಕ್ಯಾಸಿಯೊ ಕ್ಯುವಿ-10ರಲ್ಲಿ ಲೆನ್ಸೇ ತಿರುಗುತ್ತಿತ್ತು, ಪರದೆ ನೋಡುತ್ತಲೇ ತನ್ನನ್ನು ತಾನು ತೆಗೆದುಕೊಳ್ಳಬಹುದಿತ್ತು. ಪಕ್ಕಕ್ಕೆ ತೆರೆದು ತಿರುಗುವ ಪರದೆ 2000ದ ಕ್ಯಾನನ್ ಪವರ್‌ಶಾಟ್ ಜಿ1ರಲ್ಲೇ ಇತ್ತು. ಸೆಲ್ಫಿಗಿಂತ ಹೆಚ್ಚಾಗಿ ನನಗೆ ಅದು ಒದಗಿದ್ದು ಬಯಲಾಟದಲ್ಲಿ, ಎದುರಿನವರು ಎದ್ದು ನಿಂತಾಗ: ಕ್ಯಾಮೆರಾವನ್ನು ತಲೆಯ ಮೇಲೆತ್ತಿ, ಪರದೆಯನ್ನು ಕೆಳಕ್ಕೆ ಬಾಗಿಸಿ ನೋಡಿದೆ. ಅಂಗಳದ ರಂಗೋಲಿಗೆ, ನೆಲಕ್ಕೆ ಅಂಟಿದ ತುಂಬೆ ಹೂವಿಗೆ ಮೊಣಕಾಲೂರುವ ಕಷ್ಟವೂ ತಪ್ಪುತ್ತದೆ.

ಪರದೆ ಮೇಲಕ್ಕೆ ಮಗುಚಬೇಕೋ ಪಕ್ಕಕ್ಕೆ ತೆರೆಯಬೇಕೋ ಎಂಬ ಜಗಳದಲ್ಲಿ ಗೆದ್ದವರಿಲ್ಲ. ಕ್ಯಾನನಿನದು ಮೇಲಕ್ಕೆ, ಲೆನ್ಸಿನ ನೇರದಲ್ಲೇ ಇರುತ್ತದೆ, ಆದರೆ ಕ್ಯಾಮೆರಾದ ತಲೆಯ ಮೇಲೆ ಮೈಕ್ ಕೂರಿಸಿದರೆ ಅಡ್ಡ. ಸೋನಿಯದು ಪಕ್ಕಕ್ಕೆ, ಮೈಕಿಗೆ ಜಾಗವಿದೆ, ಆದರೆ ಮಾತಾಡುವವರ ಕಣ್ಣು ಪಕ್ಕದ ಮನೆಯತ್ತ ಇದ್ದಂತೆ ಕಾಣುತ್ತದೆ. "ಅಂಥ ಪರದೆ ಬೇಗ ಮುರಿಯುತ್ತದೆ" ಎನ್ನುವವರಿಗೆ ಒಂದು ಮಾತು: ಪಕ್ಕಕ್ಕೆ ತೆರೆಯುವ ಪರದೆಯನ್ನು ಮುಖ ಒಳಗಾಗಿ ಮಡಚಿಡಬಹುದು, ಚೀಲದಲ್ಲಿ ಗೀರು ಬೀಳದು. ಮತ್ತೆ ಸೆಲ್ಫಿಯಲ್ಲಿ ಅಕ್ಷರಗಳು ಉಲ್ಟಾ ಬರುತ್ತವೆ ಎಂಬ ಹೆದರಿಕೆ: ಉಲ್ಟಾ ಕಾಣುವುದು ಪರದೆಯಲ್ಲಿ ಮಾತ್ರ, ಕನ್ನಡಿಯಂತೆ ಇರಲಿ ಎಂದು. ಕಾರ್ಡಿನಲ್ಲಿ ಉಳಿಯುವುದು ಸರಿಯಾಗಿಯೇ ಇರುತ್ತದೆ.

ಬ್ಯಾಟರಿಯ ಲೆಕ್ಕ, ಕ್ಯಾನನಿಗೆ 235 ಚಿತ್ರ, ಸೋನಿಗೆ 260, ಸಿಪಾ ಎಂಬ ಜಪಾನಿನ ಕ್ಯಾಮೆರಾ ಸಂಘದ ಪರೀಕ್ಷೆಯಿಂದ ಬಂದದ್ದು. ಅರ್ಧ ನಿಮಿಷಕ್ಕೊಂದು ಚಿತ್ರ ತೆಗೆದು ಎಣಿಸಿದ್ದು. ಎರಡು ಮಾದರಿಗಳನ್ನು ಹೋಲಿಸಲು ಅದು ಸರಿ, ವಿಡಿಯೊ ಮಾಡುವವರಿಗೆ ಅಲ್ಲ. ಇನ್ನೊಂದು ಬ್ಯಾಟರಿ ಕೊಳ್ಳಿ. ಬಹಳ ಕ್ಯಾಮೆರಾಗಳಲ್ಲಿ ವಿಡಿಯೊ 29 ನಿಮಿಷ 59 ಸೆಕೆಂಡಿಗೆ ನಿಲ್ಲುವುದು ಯಂತ್ರದ ಸುಸ್ತಿನಿಂದಲ್ಲ; ಅರ್ಧ ಗಂಟೆ ದಾಟಿದರೆ ಯುರೋಪಿನಲ್ಲಿ ಅದನ್ನು ವಿಡಿಯೊ ಕ್ಯಾಮೆರಾ ಎಂದೆಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು. ಆದರೆ 4ಕೆ ವಿಡಿಯೊದಲ್ಲಿ ಬಿಸಿಯೂ ಸೇರಿಕೊಳ್ಳುತ್ತದೆ. ಇಡೀ ರಾತ್ರಿಯ ಆಟ ಹಿಡಿಯಲು ಈ ಜಾತಿಯ ಕ್ಯಾಮೆರಾ ಆಗದು.

ಮುಂದಿನ ಭಾನುವಾರ ಅವಳು ತನ್ನದೇ ಮೆಮೊರಿ ಕಾರ್ಡ್ ಹಿಡಿದು ಅದೇ ಅಂಗಡಿಗೆ ಹೋದಳು. ಪರದೆ ತಿರುಗಿಸಿ, ಒಂದು ಸೆಲ್ಫಿ ತೆಗೆದು, ಕಾರ್ಡ್ ಮರಳಿ ಪಡೆದು ಬಂದಳು. ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿದರೆ ಅವಳ ಮುಖ ಸ್ವಲ್ಪ ಮಸುಕು. ಫೋಕಸ್ ಹೋಗಿ ಕೂತದ್ದು ಹಿಂದಿನ ಗೋಡೆಯ ಬೆಲೆಪಟ್ಟಿಯ ಮೇಲೆ. ಅಂಗಡಿಯಲ್ಲಿ ಉಲ್ಟಾ ಕಂಡಿದ್ದರಿಂದ ಅವಳು ಅದನ್ನು ಓದಿರಲಿಲ್ಲ. ಈಗ ಓದಿದೆವು. ಅವಳಿಗೆ ಅವನು ಹೇಳಿದ್ದಕ್ಕಿಂತ ಅಲ್ಲಿ ಎರಡು ಸಾವಿರ ರೂಪಾಯಿ ಕಡಿಮೆ ಇತ್ತು.