ಆರ್‌ಎಕ್ಸ್ 100 ಮಣ್ಣಿಗಿಳಿಯೋ ಮುಂಚೆ

ಭಾರತದಲ್ಲಿ ಯಮಹಾ ಆರ್‌ಎಕ್ಸ್ 100 ತಯಾರಾಗಿದ್ದು 1985ರಿಂದ 1996ರವರೆಗೆ. ಉತ್ಪಾದನೆ ನಿಂತು ಇಷ್ಟು ವರ್ಷವಾದರೂ ಡರ್ಟ್ ಟ್ರ್ಯಾಕ್‌ಗಳಲ್ಲಿ ಅದರ ಸದ್ದು ನಿಂತಿಲ್ಲ. 98 ಸಿಸಿ, 11 ಹಾರ್ಸ್‌ಪವರ್, ಹೆಚ್ಚುಕಮ್ಮಿ ನೂರು ಕೆಜಿ ತೂಕ. ಇಂಥ ಗಾಡಿ ಕೈಗೆ ಬಂದ ಕೂಡಲೇ ಯಾರೋ ಒಬ್ಬರು ಹೇಳಿಯೇ ಹೇಳ್ತಾರೆ: "ಪೋರ್ಟಿಂಗ್ ಮಾಡಿಸಿಬಿಡಿ ಸಾರ್, ಹಾರುತ್ತೆ!" ಹಾರೋದೇನೋ ನಿಜ. ಆದರೆ ಎಲ್ಲಿ ಹಾರುತ್ತೆ, ಎಷ್ಟು ದಿನ ಹಾರುತ್ತೆ ಅನ್ನೋದನ್ನು ಮೊದಲೇ ತಿಳಿದುಕೊಳ್ಳಬೇಕು.

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಫೋರ್-ಸ್ಟ್ರೋಕ್‌ನ ಹಾಗೆ ತೆರೆದು ಮುಚ್ಚುವ ವಾಲ್ವ್‌ಗಳು ಸಿಲಿಂಡರ್ ಹೆಡ್‌ನಲ್ಲಿ ಇರಲ್ಲ. ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳೇ ಪೋರ್ಟ್‌ಗಳು. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ಅವನ್ನು ತೆರೆದು ಮುಚ್ಚುತ್ತೆ. ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಒಂದು ಮಿಲಿಮೀಟರ್ ಉಜ್ಜಿದರೂ ಹೊಗೆ ಹೊರಹೋಗುವ ಸಮಯವೇ ಬದಲಾಗುತ್ತೆ. ಹೈ ಆರ್‌ಪಿಎಂನಲ್ಲಿ ಪವರ್ ಏರುತ್ತೆ, ಕೆಳಗಿನ ಎಳೆತ ಕಡಿಮೆಯಾಗುತ್ತೆ. ಕೆಸರು, ತಿರುವು, ಏರು ಇರುವ ಟ್ರ್ಯಾಕಿನಲ್ಲಿ ಬೇಕಾಗಿರೋದು ಆ ಎಳೆತವೇ. ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸೋಕಾಗಲ್ಲ. ಪೋರ್ಟನ್ನು ಅತಿಯಾಗಿ ಅಗಲ ಮಾಡಿದರೆ ಪಿಸ್ಟನ್ ರಿಂಗ್ ಅದಕ್ಕೆ ಸಿಕ್ಕಿ ಮುರಿಯುತ್ತೆ.

ಹಾಗಾಗಿ ಪೋರ್ಟಿಂಗ್ ಕೊನೆಗಿರಲಿ. ಮೊದಲು ಕಂಪ್ರೆಷನ್ ನೋಡಿ, ಕ್ರ್ಯಾಂಕ್ ಆಯಿಲ್ ಸೀಲ್ ಮತ್ತು ರೀಡ್ ವಾಲ್ವ್ ಪರೀಕ್ಷಿಸಿ. ಹಳೇ ಎಂಜಿನ್ ಕಳೆದುಕೊಂಡಿರುವ ಪವರ್ ಎಷ್ಟೋ ಸಲ ಇಲ್ಲೇ ವಾಪಸ್ ಸಿಗುತ್ತೆ. ಆಮೇಲೆ ಹಿಂದಿನ ಸ್ಪ್ರಾಕೆಟ್‌ಗೆ ಎರಡು-ಮೂರು ಹಲ್ಲು ಹೆಚ್ಚಿಸಿ. ಟಾಪ್ ಸ್ಪೀಡ್ ಇಳಿದರೂ ತಿರುವಿನಿಂದ ಗಾಡಿ ಚುರುಕಾಗಿ ಏಳುತ್ತೆ.

ಮುಂದಿನದು ಸೈಲೆನ್ಸರ್. ನಡುವೆ ಹೊಟ್ಟೆ ಉಬ್ಬಿದ ಎಕ್ಸ್‌ಪಾನ್ಷನ್ ಚೇಂಬರ್ ಬರೀ ಸದ್ದಿಗಲ್ಲ. ಅಗಲವಾಗುತ್ತಾ ಹೋಗುವ ಭಾಗದಿಂದ ಮರಳುವ ಒತ್ತಡದ ಅಲೆ ಹೊಗೆಯನ್ನು ಹೊರಗೆಳೆಯುತ್ತೆ. ಕಿರಿದಾಗುವ ಭಾಗದಿಂದ ಮರಳುವ ಅಲೆ, ತಪ್ಪಿಸಿಕೊಂಡು ಹೊರಟ ಹೊಸ ಪೆಟ್ರೋಲ್-ಗಾಳಿಯನ್ನು ಸಿಲಿಂಡರ್ ಒಳಗೆ ತಳ್ಳುತ್ತೆ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ 1950ರ ದಶಕದಲ್ಲಿ ಇದನ್ನು ಪಳಗಿಸಿದವರು ವಾಲ್ಟರ್ ಕಾಡೆನ್. ಅವರ ರೈಡರ್ ಅರ್ನ್‌ಸ್ಟ್ ಡೆಗ್ನರ್ 1961ರಲ್ಲಿ ಪಶ್ಚಿಮಕ್ಕೆ ಪರಾರಿಯಾಗಿ ಸುಜುಕಿ ಸೇರಿದರು. ಗುಟ್ಟೂ ಜೊತೆಗೇ ಹೋಯಿತು. ಮರುವರ್ಷವೇ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ! ಪೈಪಿನ ಉದ್ದ, ಕೋನ ಎಲ್ಲವೂ ಆರ್‌ಪಿಎಂ ಲೆಕ್ಕಕ್ಕೆ ಕೂಡಬೇಕು. ಪಕ್ಕದವರ ಗಾಡಿಯ ಪೈಪ್ ನಿಮ್ಮದಕ್ಕೆ ಹೊಂದುತ್ತೆ ಅಂತೇನಿಲ್ಲ.

ಪೈಪ್, ಏರ್ ಫಿಲ್ಟರ್ ಬದಲಿಸಿದ ಮೇಲೆ ಕಾರ್ಬುರೇಟರ್ ಜೆಟ್ ಬದಲಿಸದೆ ಬಿಡಬೇಡಿ. ಗಾಳಿ ಹೆಚ್ಚಾಗಿ ಪೆಟ್ರೋಲ್ ಅಷ್ಟೇ ಇದ್ದರೆ ಮಿಶ್ರಣ ತೆಳುವಾಗುತ್ತೆ, ಪಿಸ್ಟನ್ ಕಾದು ಎಂಜಿನ್ ಸೀಜ್ ಆಗುತ್ತೆ. ಓಡ್ತಿರೋವಾಗ ಸೀಜ್ ಆದರೆ ಹಿಂದಿನ ಚಕ್ರವೇ ಲಾಕ್, ಸವಾರ ನೆಲಕ್ಕೆ. ದೊಡ್ಡ ಮೇನ್ ಜೆಟ್‌ನಿಂದ ಶುರುಮಾಡಿ, ಒಂದೊಂದೇ ಹೆಜ್ಜೆ ಇಳಿಸಿ. ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ: ಕಾಫಿಪುಡಿ ಬಣ್ಣವಿದ್ದರೆ ಸರಿ, ಬೆಳ್ಳಗಿದ್ದರೆ ಅಪಾಯ, ಒದ್ದೆ ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ. ಆಯಿಲ್ ಪಂಪ್ ತೆಗೆದು ಟ್ಯಾಂಕಿಗೇ ಬೆರೆಸುವವರು 32:1 ಅಳತೆ ಹಿಡಿದರೆ ಲೀಟರಿಗೆ ಸುಮಾರು 31 ಮಿಲಿ ಆಯಿಲ್. ಕಣ್ಣಂದಾಜು ಬೇಡ, ಅಳತೆ ಲೋಟ ಇಟ್ಟುಕೊಳ್ಳಿ.

ಇನ್ನು ಕಾನೂನು. ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸೋದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದ್ದರಿಂದ ಟ್ರ್ಯಾಕಿಗೆಂದು ಕಟ್ಟಿದ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಓಡಿಸಿ, ಹಾಗೇ ವಾಪಸ್ ತನ್ನಿ.

ಮೂಲ ಸ್ಥಿತಿಯಲ್ಲಿರುವ ಆರ್‌ಎಕ್ಸ್‌ಗೆ ಈಗ ಒಳ್ಳೇ ಬೆಲೆಯಿದೆ. ಮೊದಲ ಬ್ಲಾಕನ್ನು ಎಣ್ಣೆ ಸವರಿ ಎತ್ತಿಡಿ, ಗ್ರೈಂಡರ್ ಕೆಲಸಕ್ಕೆ ಇನ್ನೊಂದು ಹಳೇ ಬ್ಲಾಕ್ ಕೊಡಿ.