ಕಿಂಡಿ ಒಂದೇ, ರೂಮಿನಲ್ಲಿ ಮೂವರು

ನಮ್ಮ ಹಾಸ್ಟೆಲ್ ರೂಮಿನಲ್ಲಿ ಮಂಚ ಮೂರು, ಮೇಜು ಮೂರು, ಕಂಪ್ಯೂಟರೂ ಮೂರು. ಗೋಡೆಯಲ್ಲಿ ಲ್ಯಾನ್ ವೈರ್ ಚುಚ್ಚುವ ಕಿಂಡಿ ಮಾತ್ರ ಒಂದೇ. ಕೆಲ ದಿನ ಸರದಿಯಲ್ಲಿ ನಡೆಯಿತು. ಫಲಿತಾಂಶ ಬರುವ ದಿನ ಸರದಿಯೂ ಹೋಯಿತು, ಸ್ನೇಹವೂ ಹೋಗುವುದರಲ್ಲಿತ್ತು. ಮೂವರೂ ದುಡ್ಡು ಹಾಕಿ ಪೇಟೆಯಿಂದ ಐದು ಕಿಂಡಿಯ ಸ್ವಿಚ್ ತಂದೆವು. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಹಂಚಿಕೊಂಡ ಹಾಗೇ ಇದೂ ಅಂತ ನಮ್ಮ ಲೆಕ್ಕ. ಮೊದಲು ಚುಚ್ಚಿದವನಿಗೆ ನೆಟ್ ಬಂತು, ಉಳಿದಿಬ್ಬರಿಗೆ ಇಲ್ಲ.

ಕರೆಂಟಿಗೆ ಮಿಕ್ಸಿ ಯಾರದೆಂಬ ವಿಚಾರ ಬೇಕಿಲ್ಲ. ಇಂಟರ್ನೆಟ್ಟಿನಲ್ಲಿ ಕೇಳಿದ್ದಕ್ಕೆ ಉತ್ತರ ಹಿಂದಿರುಗಬೇಕು, ಹಿಂದಿರುಗಲು ವಿಳಾಸ ಬೇಕು. ಅದೇ ಐಪಿ ವಿಳಾಸ. ಒಂದು ಕಿಂಡಿಗೆ ಒಂದೇ ವಿಳಾಸ ಎಂದು ನಮ್ಮ ಹಾಸ್ಟೆಲಿನ ಸರ್ವರ್‌ಗೆ ಕಟ್ಟಪ್ಪಣೆಯಾಗಿತ್ತು. ಸ್ವಿಚ್ ಪಾಪದ ಪ್ರಾಣಿ. ಹಿಂದೆ ಮೂವರಿದ್ದರೆ ಮೂವರಿದ್ದಾರೆ ಎಂದೇ ತೋರಿಸುತ್ತದೆ. ನಮಗೆ ಬೇಕಿದ್ದದ್ದು ಸುಳ್ಳು ಹೇಳುವ ಪೆಟ್ಟಿಗೆ. ಅದರ ಹೆಸರು ರೌಟರ್. ಅದನ್ನೂ ತಂದೆವು.

ಅದು ಒಳಗಿರುವವರಿಗೆ 192.168 ಎಂದು ಶುರುವಾಗುವ ವಿಳಾಸಗಳನ್ನು ಕೊಡುತ್ತದೆ. ಊರೂರಲ್ಲೂ ಒಂದು ಕೋಟೆ ಬೀದಿ ಇರುವ ಹಾಗೆ ಇವು ನಿಮ್ಮ ಮನೆಯಲ್ಲೂ ಇರಬಹುದು, ಪಕ್ಕದ ಮನೆಯಲ್ಲೂ ಇರಬಹುದು. ಹೊರಗಿನ ಇಂಟರ್ನೆಟ್ಟಿನಲ್ಲಿ ಚಲಾವಣೆಯಿಲ್ಲ. ಹೊರಗೆ ಕಾಣುವುದು ರೌಟರಿನ ಒಂದೇ ವಿಳಾಸ. ಹಾಗಾದರೆ ಬಂದ ಉತ್ತರ ಮೂವರಲ್ಲಿ ಯಾರಿಗೆಂದು ಅದಕ್ಕೆ ತಿಳಿಯುವುದು ಹೇಗೆ?

ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಅಲ್ಲಿ ಕೂತವನಿಗೆ ನಿಮ್ಮ ಹೆಸರು ಬೇಡ, ಟೋಕನ್ ನಂಬರ್ ಸಾಕು. ನನ್ನ ಕಂಪ್ಯೂಟರ್ ಕಳಿಸಿದ ಪ್ರತಿ ಪ್ಯಾಕೆಟ್ಟಿನ ಮೇಲಿಂದ ರೌಟರ್ ನನ್ನ ವಿಳಾಸ ಅಳಿಸಿ ತನ್ನದನ್ನು ಬರೆಯುತ್ತದೆ, ಜೊತೆಗೆ ಒಂದು ಟೋಕನ್ ಸಂಖ್ಯೆ. ಅದಕ್ಕೆ ಪೋರ್ಟ್ ನಂಬರ್ ಎನ್ನುತ್ತಾರೆ. ಹದಿನಾರು ಬಿಟ್‌ನ ಸಂಖ್ಯೆಯಾದ್ದರಿಂದ ಒಟ್ಟು 65,536. ಯಾವ ಟೋಕನ್ ಯಾರದ್ದೆಂದು ಅದರ ನೆನಪಿನಲ್ಲಿ ಒಂದು ಪಟ್ಟಿ. ಉತ್ತರ ಬಂದಾಗ ಪಟ್ಟಿ ನೋಡಿ ನನ್ನ ವಿಳಾಸವನ್ನು ಮತ್ತೆ ಬರೆದು ಒಳಗೆ ಕಳಿಸುತ್ತದೆ. ಪಟ್ಟಿಯಲ್ಲಿಲ್ಲದ ಟೋಕನ್ ಹಿಡಿದು ಬಂದವರಿಗೆ ಬಾಗಿಲೇ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಕೌಂಟರ್ ಸ್ಟ್ರೈಕ್ ಆಟ ಶುರುಮಾಡಿ ಪಕ್ಕದ ರೂಮಿನವರನ್ನು ಕರೆದರೆ ಅವರಿಗೆ ಬರಲಾಗುತ್ತಿರಲಿಲ್ಲ. ನಾವು ಅವರ ವೈರನ್ನು ಬೈದೆವು.

ವಿಳಾಸ ಬದಲಿಸುವ ಈ ಉಪಾಯವನ್ನು 1994ರಲ್ಲಿ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬಿಬ್ಬರು ಬರೆದಿಟ್ಟಾಗ ಅದು ವಿಳಾಸಗಳ ಕೊರತೆಗೆ ತಾತ್ಕಾಲಿಕ ಪರಿಹಾರ ಎಂದೇ ಹೇಳಿದ್ದರು. (ಟೋಕನ್ ಪದ್ಧತಿ ಪೂರ್ತಿ ಮೈಗೂಡಿದ್ದು ಆಮೇಲೆ.) ಮೂವತ್ತೆರಡು ಬಿಟ್‌ನ ಹಳೆಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ, ಜಾಗತಿಕ ದಾಸ್ತಾನಿನ ಕೊನೆಯ ಕಟ್ಟುಗಳು 2011ರ ಫೆಬ್ರವರಿ 3ರಂದು ಹಂಚಿಹೋದವು. ಉದ್ದ ವಿಳಾಸದ ಹೊಸ ಪದ್ಧತಿ ಬಂದಿದೆ. ತಾತ್ಕಾಲಿಕವಾದದ್ದು ಮಾತ್ರ ಇನ್ನೂ ಮನೆಮನೆಯಲ್ಲಿ ಮಿಣುಕುತ್ತಿದೆ.

ಇನ್ನು ನಮ್ಮ ಮಾನ ಹೋದ ಕಥೆ. ರೌಟರಿನ ಹಿಂದೆ ನಾಲ್ಕು ಹಳದಿ ಕಿಂಡಿ, ಒಂದು ನೀಲಿ. ಗೋಡೆಯ ವೈರ್ ನೀಲಿಗೆ ಹೋಗಬೇಕು. ಒಂದು ರಾತ್ರಿ ಕಸ ಗುಡಿಸಿದ ರೂಮ್‌ಮೇಟ್ ಅದನ್ನು ಹಳದಿಗೆ ಚುಚ್ಚಿದ. ಬೆಳಗ್ಗೆ ಇಡೀ ಮಹಡಿಯಲ್ಲಿ ನೆಟ್ ಇಲ್ಲ!

ಕಂಪ್ಯೂಟರ್ ಎದ್ದ ಕೂಡಲೇ ತನ್ನ ಜಾಲದಲ್ಲಿರುವವರಿಗೆಲ್ಲ ಕೇಳುವಂತೆ, ‘ಯಾರಾದರೂ ನನಗೊಂದು ವಿಳಾಸ ಕೊಡಿ’ ಎಂದು ಕೂಗುತ್ತದೆ. ಸಾಮಾನ್ಯವಾಗಿ ಮೊದಲು ಓಗೊಟ್ಟವರ ಮಾತನ್ನೇ ನಂಬುತ್ತದೆ. ಕೊಟ್ಟವರ ಗುರುತುಚೀಟಿ ಕೇಳುವ ರೂಢಿ ಅದಕ್ಕಿಲ್ಲ. ಹಳದಿ ಕಿಂಡಿಯ ಮೂಲಕ ನಮ್ಮ ಪೆಟ್ಟಿಗೆಗೆ ಇಡೀ ಮಹಡಿಯೇ ತನ್ನ ಮನೆಯೊಳಗೆ ಬಂದಂತಾಗಿತ್ತು. ಹಾಸ್ಟೆಲಿನ ಸರ್ವರ್ ಬಾಯಿಬಿಡುವ ಮೊದಲೇ ಅದು ಎಲ್ಲರಿಗೂ 192.168 ಹಂಚಿ, ‘ಹೊರಗೆ ಹೋಗಲು ನನ್ನ ಬಳಿ ಬನ್ನಿ’ ಎಂದಿತ್ತು. ಬಂದವರಿಗೆ ದಾರಿ ಎಲ್ಲಿ? ನೀಲಿ ಕಿಂಡಿ ಖಾಲಿ. ಇಂಥ ಕಳ್ಳ ಉತ್ತರಗಳನ್ನು ಆಯಾ ಕಿಂಡಿಯಲ್ಲೇ ತಡೆಯುವ ಸ್ವಿಚ್‌ಗಳಿವೆ; ನಮ್ಮಲ್ಲಿ ಅದನ್ನು ಯಾರೂ ಚಾಲೂ ಮಾಡಿರಲಿಲ್ಲ.

ನೆಟ್‌ವರ್ಕ್ ನೋಡಿಕೊಳ್ಳುವವರು ಯಂತ್ರದ ಗುರುತಿನ ಸಂಖ್ಯೆ ಹಿಡಿದು, ಅದು ಬರುತ್ತಿದ್ದ ವೈರ್ ಪತ್ತೆಮಾಡಿ, ಮಧ್ಯಾಹ್ನದೊಳಗೆ ನಮ್ಮ ಬಾಗಿಲು ತಟ್ಟಿದರು. ಪೆಟ್ಟಿಗೆ ಒಂದು ವಾರ ವಾರ್ಡನ್ ಬೀರುವಿನಲ್ಲಿತ್ತು. ವಾಪಸು ಬಂದಾಗ ನೀಲಿ ಕಿಂಡಿಯ ಪಕ್ಕ ಬಿಳಿ ಟೇಪ್ ಅಂಟಿಸಿ ಯಾರೋ ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದರು: ‘ಗೋಡೆ’.