ಸಂತೈಸುವವರನ್ನು ಸಂತೈಸುವವರು

ಆಸ್ಪತ್ರೆಯೆಂದೊಡನೆ ಕಣ್ಣ ಮುಂದೆ ನಿಲ್ಲುವವರು ರೋಗಿ, ವೈದ್ಯ, ದಾದಿ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇವರ ನಡುವೆ ಇನ್ನೊಬ್ಬರೂ ಓಡಾಡುತ್ತಿರುತ್ತಾರೆ. ಅವರ ಕೈಯಲ್ಲಿ ಔಷಧವಿಲ್ಲ, ಬಾಯಲ್ಲಿ ಅಪ್ಪಣೆಯಿಲ್ಲ. ಅವರೇ ಚಾಪ್ಲೇನ್, ಎಂದರೆ ಆಸ್ಪತ್ರೆಯ ಧರ್ಮಗುರು.

ಅಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಂದಿನಿಂದಲೂ ಚಾಪ್ಲೇನರು ಅದರ ಸಂಬಳದ ನೌಕರರು. ಆಗ ಈ ಕೆಲಸ ಕ್ರೈಸ್ತ ಪಾದ್ರಿಗಳದು. ಇಂದು ಹಿಂದೂಗಳು, ಮುಸಲ್ಮಾನರು, ಸಿಖ್ಖರಷ್ಟೇ ಅಲ್ಲ, ದೇವರನ್ನು ನಂಬದ ಮಾನವತಾವಾದಿಗಳೂ ಇದರಲ್ಲಿದ್ದಾರೆ. ರೋಗಿಗೆ ಧೈರ್ಯ ಹೇಳುವುದಷ್ಟೇ ಅಲ್ಲದೆ, ಸಿಬ್ಬಂದಿಯ ಅಳಲನ್ನು ಕೇಳುವುದೂ ಅವರ ಕರ್ತವ್ಯ.

ಈ ಕರ್ತವ್ಯದ ಬೆಲೆ ತಿಳಿದದ್ದು 2020ರಲ್ಲಿ. ಕೋವಿಡ್ ಹಬ್ಬಿದಾಗ ಶಸ್ತ್ರಚಿಕಿತ್ಸೆಯ ಕೋಣೆಗಳೇ ತೀವ್ರ ನಿಗಾ ಘಟಕಗಳಾದವು. ಶಸ್ತ್ರವೈದ್ಯರಿಗೆ ಉಪಕರಣ ನೀಡುತ್ತಿದ್ದ ದಾದಿ ವೆಂಟಿಲೇಟರಿನ ಪಕ್ಕದಲ್ಲಿ ನಿಲ್ಲಬೇಕಾಯಿತು. ಅಂಥ ರೋಗಿಯೊಬ್ಬನಿಗೆ ಒಬ್ಬ ದಾದಿಯೆಂಬ ಕ್ರಮ ಸಡಿಲವಾಯಿತು. ಬಂಧುಗಳಿಗೆ ಪ್ರವೇಶವಿಲ್ಲದೆ, ಸಾಯುವವರ ಕಿವಿಗೆ ಫೋನು ಹಿಡಿಯುವುದೂ ಆಕೆಯ ಪಾಲಿಗೆ ಬಂತು. ಬೆಂಗಳೂರು, ಮಂಗಳೂರುಗಳಲ್ಲಿ ಕಲಿತು ಹೋದ ದಾದಿಯರೂ ಅಲ್ಲಿದ್ದರು.

ಬದಲಾವಣೆ ಸಾಂಕ್ರಾಮಿಕ ರೋಗದಿಂದಲೇ ಬರಬೇಕೆಂದಿಲ್ಲ. ಎರಡು ಆಸ್ಪತ್ರೆಗಳು ಒಂದಾಗುತ್ತವೆ, ವಾರ್ಡು ಮುಚ್ಚುತ್ತದೆ, ಕಾಗದದ ಜಾಗಕ್ಕೆ ಕಂಪ್ಯೂಟರ್ ಬರುತ್ತದೆ. ಇಪ್ಪತ್ತು ವರ್ಷ ಪಳಗಿದವಳು ಒಂದು ಬೆಳಗ್ಗೆ ಮತ್ತೆ ಹೊಸಬಳಾಗುತ್ತಾಳೆ. ಆ ಸಂಕಟವನ್ನು ಮೇಲಧಿಕಾರಿಗೆ ಹೇಳಿದರೆ ಅಸಮರ್ಥಳೆನಿಸಿಕೊಳ್ಳುವ ಭಯ; ಮನೆಯಲ್ಲಿ ಹೇಳಿದರೆ ಅವರಿಗೂ ಚಿಂತೆ. ಚಾಪ್ಲೇನರು ಅವಳ ಕೆಲಸಕ್ಕೆ ಅಂಕ ಹಾಕುವವರಲ್ಲ. ಕೇಳಿದ್ದನ್ನು ಹೊರಗೆ ಆಡುವವರೂ ಅಲ್ಲ. ಆದ್ದರಿಂದಲೇ ಅವರೆದುರು ಮಾತು ಬರುತ್ತದೆ.

ಇಲ್ಲೊಂದು ಅಪಾಯವೂ ಉಂಟು. ಸಿಬ್ಬಂದಿಯನ್ನು ಹೆಚ್ಚಿಸುವ ಬದಲು, ಸಮಾಧಾನ ಹೇಳಲು ಚಾಪ್ಲೇನರನ್ನು ಕಳುಹಿಸುವುದು ಆಡಳಿತಕ್ಕೆ ಸುಲಭ. ಆದರೆ ನಾಲ್ವರ ಕೆಲಸವನ್ನು ಇಬ್ಬರು ಮಾಡುವಲ್ಲಿ ಸಾಂತ್ವನವು ಕೊರತೆಯನ್ನು ತುಂಬಲಾರದು. ಒಳ್ಳೆಯ ಚಾಪ್ಲೇನ್ ಇದನ್ನು ಬಲ್ಲರು. ಯಾರ ಹೆಸರನ್ನೂ ಎತ್ತದೆ, ಹೇಳಿದವರ ಒಪ್ಪಿಗೆ ಪಡೆದು, ವಾರ್ಡಿನ ನೋವನ್ನು ಆಡಳಿತದವರ ಕಿವಿಗೆ ಮುಟ್ಟಿಸುತ್ತಾರೆ. ಅದಕ್ಕೆ ಧೈರ್ಯ ಬೇಕು. ಏಕೆಂದರೆ ಅವರೂ ಅದೇ ಆಡಳಿತದ ಸಂಬಳ ಪಡೆಯುವವರು. ಖರ್ಚು ಕಡಿಮೆ ಮಾಡುವಾಗ ಅವರ ಹುದ್ದೆಯೂ ಹೋಗಬಹುದು.

ಕೆಲವು ಆಸ್ಪತ್ರೆಗಳಲ್ಲಿ ಚಾಪ್ಲೇನರು ಚಹದ ಗಾಡಿಯನ್ನು ತಳ್ಳಿಕೊಂಡು ವಾರ್ಡಿನಿಂದ ವಾರ್ಡಿಗೆ ಹೋಗುತ್ತಾರೆ. ಬಟ್ಟಲನ್ನು ಕೈಗಿತ್ತು, “ಹೇಗಿದ್ದೀರಿ?” ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಎಲ್ಲರೂ ಕೇಳುವುದುಂಟು. ಚಾಪ್ಲೇನರು ಉತ್ತರ ಬರುವವರೆಗೆ ನಿಲ್ಲುತ್ತಾರೆ.